ಹೊತ್ತದ ಹಣತೆ

ದೇವರನ್ನು ನಂಬಿದವರು ಕೈಗೆತ್ತಿಕೊಂಡರೆ ಹಣತೆ ತಾನೇ ಹೊತ್ತಿಕೊಳ್ಳುತ್ತಿದ್ದ ಕಾಲವದು. ಕಸ್ತೂರಿಯ ಕೈಯಲ್ಲಿ ಅದು ಎಂದೂ ಹೊತ್ತಿರಲಿಲ್ಲ. ಮಗಳದು ಬರೀ ಹಟವೆಂದು ತಾಯಿ ಗಂಗವ್ವ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗ ಸಾಯುವ ಮುನ್ನ ತಾನೇ ಹೇಳಿಕಳಿಸಿ, ಬಂದ ಮಗಳ ಕೈಗೆ ಹಣತೆ ಕೊಟ್ಟಳು.

“ನನ್ನ ಸಲುವಾಗಿ ಒಂದ್ಸಲ ನಂಬು ಮಗಳ. ಬೆಳಕು ನೋಡಿ ಹೋಗ್ತೀನಿ.”

ಕಸ್ತೂರಿ ಹಣತೆ ಹಿಡಿದು ಕಣ್ಣು ಮುಚ್ಚಿದಳು. ಅವ್ವನಿಗಾಗಿಯಾದರೂ ನಂಬಿಬಿಡು ಎಂದು ತನ್ನ ಮನಸ್ಸನ್ನೇ ಗೋಗರೆದಳು. ಬತ್ತಿಯಲ್ಲಿ ಕಿಡಿಯೂ ಹುಟ್ಟಲಿಲ್ಲ. ಅವಳ ಕಣ್ಣೀರು ಧಾರೆಯಾಗಿ ಇಳಿಯಿತು.

“ಭಾಳ ಪ್ರಯತ್ನ ಮಾಡಿದೆ ಯವ್ವಾ. ನಂಬಿಕಿ ಬರವಲ್ದು.”

ಗಂಗವ್ವ ಆ ಮುಖವನ್ನೇ ದಿಟ್ಟಿಸಿದಳು.

“ಹಟಾ ಅಂದ್ಕೊಂಡಿದ್ನಲ್ಲ, ನನ್ನ ಕೂಸ... ನಾ ಎಷ್ಟು ವರ್ಷ ಹಾಳು ಮಾಡಿದೆ!”

ಅವಳು ಹಣತೆಯನ್ನು ಪಕ್ಕಕ್ಕೆ ಸರಿಸಿ ಮಗಳ ಕೈಗಳನ್ನು ಎದೆಗೊತ್ತಿಕೊಂಡಳು. ಕಸ್ತೂರಿಗೆ ಹೇಳುವುದು ಬಹಳವಿತ್ತು. ಬಾಗಿ ಬಾಯಿ ತೆರೆಯುವಷ್ಟರಲ್ಲಿ, ಕೇಳಲು ಅವ್ವ ಇರಲಿಲ್ಲ.