ಮೂರಿಂಚಿನ ಪೈಪು

ಸೆಕೆಂಡ್ ಹ್ಯಾಂಡ್ ಕಾರು ಕೊಂಡವನು ಗ್ಯಾರೇಜಿಗೆ ಬಂದು, ಸೈಲೆನ್ಸರಿನ ಮೂರಿಂಚಿನ ಪೈಪು ಬಿಚ್ಚಿ ಎರಡೂವರೆ ಇಂಚಿನದು ಹಾಕಲು ಹೇಳಿದ. ಮೆಕ್ಯಾನಿಕ್ ಇಲಿಯಾಸ್‌ಗೆ ಪೈಪಿನ ಗುರುತು ಹತ್ತಿತು. ಅದನ್ನು ಹಾಕಿದವನು ತಾನೇ. "ಈ ಟರ್ಬೊಗೆ ಎರಡೂವರೆ ಸಾಕಪ್ಪ, ಮೂರಾದ್ರೆ ಬರೀ ಸದ್ದು" ಎಂದರೂ ಕಾರಿನ ಮೊದಲ ಮಾಲೀಕ, ಆ ಹುಡುಗ, ಕೇಳಿರಲಿಲ್ಲ.

"ತಿರುವಿಗೆ ಬಂದಾಗ್ಲೇ ಅಮ್ಮಂಗೆ ಕೇಳಿಸ್ಬೇಕು ಭಾಯ್. ಗೇಟು ತೆಗೆದಿಟ್ಟಿರ್ತಾಳೆ" ಅಂದಿದ್ದ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ.

"ಸದ್ದು ಜಾಸ್ತಿ ಆಯ್ತಾ ಸಾರ್?" ಇಲಿಯಾಸ್ ಕೇಳಿದ.

"ನಮ್ಮನೆಗೆ ಆ ಹುಡುಗನ ಮನೆ ದಾಟೇ ಹೋಗ್ಬೇಕು. ದಿನಾ ಸಂಜೆ ಸದ್ದು ಕೇಳಿದ ತಕ್ಷಣ ಅವರಮ್ಮ ಓಡಿ ಬಂದು ಗೇಟು ತೆಗೀತಾರೆ. ನನ್ನ ಮುಖ ನೋಡಿ ಮತ್ತೆ ಹಾಕ್ಕೊಂಡು ಒಳಗೆ ಹೋಗ್ತಾರೆ. ನನ್ನ ಕೈಲಿ ನೋಡಕ್ಕಾಗಲ್ಲ."

ಇಲಿಯಾಸ್ ಪೈಪು ಬದಲಿಸಿದ. ಕಾರು ಕಳ್ಳಬೆಕ್ಕಿನ ಹಾಗೆ ಹೊರಟುಹೋಯಿತು.

ವಾರ ಕಳೆಯುವುದರೊಳಗೆ ಕಾರಿನವನು ತಿರುಗಿ ಬಂದು, ಹಳೇ ಪೈಪು ಇದೆಯಾ ಎಂದು ಕೇಳಿದ.

"ಯಾಕೆ ಸಾರ್, ಪಿಕಪ್ ಕಮ್ಮಿ ಆಯ್ತಾ?"

"ಇಲ್ಲ." ಅವನು ನೆಲ ನೋಡುತ್ತ ನಿಂತ. "ಅವರಮ್ಮ ಈಗ ಸದ್ದಿಗೆ ಕಾಯ್ತಾ, ರಾತ್ರಿಯಾದ್ರೂ ಗೇಟು ಹಾಕೋದೇ ಇಲ್ಲ."