ಏಣಿಯ ಮೇಲಿನ ಕಡಲೆ

ಕಾಗದದಲ್ಲಿ ಬರೆದಿದ್ದ ಏಣಿಯ ಆರನೇ ಮೆಟ್ಟಿಲ ಮೇಲೆ ಕೀನ್ಯಾದ ನ್ಯಾಂಬುರಾ ತನ್ನ ಕಡಲೆಕಾಳನ್ನಿಟ್ಟಳು. ಅದನ್ನು ನೋಡಿಕೊಂಡೇ ಮೊರಾಕ್ಕೋದ ಡ್ರಿಸ್ ತನ್ನದನ್ನು ಐದರ ಮೇಲಿಟ್ಟ. "ತುದಿಯ ಹತ್ತು ಅತ್ಯುತ್ತಮ ಬದುಕು, ಬುಡದ ಒಂದು ತೀರಾ ಕಷ್ಟದ್ದು. ನ್ಯೂಜಿಲೆಂಡಿನಲ್ಲಿ ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ?" ಎಂದು ಕೇಳಿದ್ದವಳು ವಲಸಿಗರ ಸರ್ವೆಗೆ ಬಂದಿದ್ದ ಮೈಸೂರಿನ ಪ್ರತಿಮಾ. ಎರಡೂ ಸಮುದಾಯಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಎಂದು ಅವಳು ಬರೆದೂ ಬಿಟ್ಟಳು.

ಡ್ರಿಸ್‌ನ ಬೆರಳು ಮಾತ್ರ ಕಾಳನ್ನು ಬಿಟ್ಟಿರಲಿಲ್ಲ. ಅದನ್ನು ಗಮನಿಸಿದ ನ್ಯಾಂಬುರಾ ತನ್ನ ಕಾಳನ್ನು ಮೂರಕ್ಕೆ ಇಳಿಸಿದಳು. "ಸುಳ್ಳು ಹೇಳಿದೆ ಮೇಡಂ. ನಾನು ನರ್ಸಿಂಗ್ ಓದಿದವಳು, ಇಲ್ಲಿ ವೃದ್ಧಾಶ್ರಮದಲ್ಲಿ ನೆಲ ಒರೆಸ್ತೀನಿ. ಇವರೆದುರು ಹೇಳೋಕೆ ನಾಚಿಕೆಯಾಯ್ತು."

ಡ್ರಿಸ್ ಅವಳ ಮುಖವನ್ನೇ ನೋಡಿದ. ಆಮೇಲೆ ತನ್ನ ಕಾಳನ್ನು ಮೆಲ್ಲಗೆ ಕೆಳಗೆಳೆದ. ನಾಲ್ಕು, ಮೂರು, ಎರಡು, ಒಂದನ್ನೂ ದಾಟಿ ಅದು ಏಣಿಯ ಬುಡದಾಚೆಯ ಖಾಲಿ ಕಾಗದದ ಮೇಲೆ ನಿಂತಿತು.

ಪ್ರತಿಮಾಳ ಫಾರ್ಮಿನಲ್ಲಿ ಆ ಜಾಗಕ್ಕೆ ನಂಬರೇ ಇರಲಿಲ್ಲ.