ಬೋಣಿ

ಆಸ್ಪತ್ರೆಯ ಶವಾಗಾರದಲ್ಲಿ ಹೆಣಗಳ ಗಡ್ಡ ಹೆರೆದು, ಮುಖ ತೊಳೆದು ಮನೆಯವರಿಗೆ ಒಪ್ಪಿಸುವುದು ಅವನ ಕೆಲಸವಾಗಿತ್ತು. ಬದುಕಿದ್ದವರ ಗಡ್ಡವನ್ನು ಅವನೆಂದೂ ಮುಟ್ಟಿದವನಲ್ಲ. ನಿವೃತ್ತನಾದ ಮೇಲೆ, ಆ ಆಸೆಗೇ ಇರಬೇಕು, ಸ್ವಂತದ್ದೊಂದು ಕಟಿಂಗ್ ಶಾಪ್ ತೆರೆದ. ಹೊಸ ಕುರ್ಚಿ, ಗೋಡೆಯಗಲದ ಕನ್ನಡಿ. ಆದರೆ ಊರಿಗೆಲ್ಲ ಅವನ ಹಳೆಯ ಕೆಲಸ ಗೊತ್ತಿತ್ತು. ತಿಂಗಳಾದರೂ ಒಬ್ಬರೂ ಒಳಗೆ ಕಾಲಿಡಲಿಲ್ಲ.

ಇನ್ನು ಬೀಗ ಹಾಕಿಬಿಡೋಣ ಎಂದುಕೊಂಡ ಮಧ್ಯಾಹ್ನ ಒಬ್ಬ ಬಂದು ಕುರ್ಚಿಯಲ್ಲಿ ಕೂತ.

“ಶೇವಿಂಗ್ ಮಾಡಿ.”

ಅವನು ಹೊಸ ಬಟ್ಟೆ ಕೊಡವಿ ಗಿರಾಕಿಯ ಕೊರಳಿಗೆ ಸುತ್ತಿದ. “ಬೋಣಿ ನಿಮ್ಮದೇ ಸ್ವಾಮಿ. ಆದ್ರೆ ನಾನು ಮುಂಚೆ ಎಲ್ಲಿದ್ದೆ ಅಂತ ಗೊತ್ತಾ? ಆಮೇಲೆ ಬೇಜಾರು ಮಾಡ್ಕೋಬಾರ್ದು.”

“ಗೊತ್ತಿದ್ದೇ ಬಂದೆ. ನಿಮ್ಮ ಕೈ ಬಲು ಹಗುರ.”

“ಅದು ನಿಜ.” ಅವನು ನಗುತ್ತ ನಲ್ಲಿಯ ಕೆಳಗೆ ಬಟ್ಟಲು ಹಿಡಿದ. “ಅಷ್ಟು ವರ್ಷ ಮಾಡಿದೀನಿ, ಒಬ್ಬರೂ ಒಂದು ದೂರು ಹೇಳಿಲ್ಲ.”

ಗಿರಾಕಿ ಕಣ್ಣು ಮುಚ್ಚಿ ಕತ್ತನ್ನು ಹಿಂದಕ್ಕೆ ಒರಗಿಸಿದ.

“ನೀರು ಸ್ವಲ್ಪ ಕಾಯಿಸ್ಕೊಳ್ಳಿ. ಹೋದ್ಸಲ ನೀವು ಮಾಡಿದಾಗ ತುಂಬಾ ತಣ್ಣಗಿತ್ತು. ಹೇಳೋಕಾಗ್ಲಿಲ್ಲ.”